ಎದಿ ಆಪರೇಷನ್‌ಗ ತಾರೀಖು ಕೊಟ್ಟಾರ, ಪ್ರಾರ್ಥನಿಗಿ ಕುಂತ್ರ ಮಾತೇ ಬರವಲ್ದು

ಕಂಡಕ್ಟರ್, ಬೀದರ:

ಎಲ್ಲರಿಗೂ ವಂದನಿ. ಬೀದರ ಡಿಪೋದಾಗ ಕಂಡಕ್ಟರ್ ಅದೀನಿ, ವಯಸ್ಸು 42, ಮಂಗಲಪೇಟಿ ಮೆಥೋಡಿಸ್ಟ್ ಚರ್ಚಿನಾವ. ಸಣ್ಣಾವಿದ್ದಾಗ ಗಂಟಲು ನೋವು, ಜ್ವರ ಬಂದು ಮೊಣಕಾಲು ಬಾತಿದ್ವಂತ. ಆ ಜ್ವರನೇ ಹೃದಯದ ವಾಲ್ವಿಗಿ ಹತ್ತಿ ವರ್ಷಾನುಗಟ್ಲೆ ಒಳಗೊಳಗೇ ತಿಂದದ ಅಂತ ಈಗ ಡಾಕ್ಟರ್ ಹೇಳ್ಯಾರ. ರುಮ್ಯಾಟಿಕ್ ಅಂತಾರ ಇದಕ್ಕ.

ಗೊತ್ತಾಗಿದ್ದು ಬಸ್ಸಿನ್ಯಾಗೇ. 2023ರಾಗ ಶಕ್ತಿ ಯೋಜನಿ ಬಂದಾಗಿಂದ ಔರಾದ್ ಗಾಡ್ಯಾಗ ಕಾಲಿಡ್ಲಿಕ್ಕ ಜಾಗ ಇರಂಗಿಲ್ಲ, ನಿಮಗೆಲ್ಲಾ ಗೊತ್ತೇ ಅದ. ಝೀರೋ ಟಿಕೆಟ್ ಹರ್ಕೋತ ಮುಂದಿನ ಸೀಟಿಂದ ಹಿಂದಿನ ಸೀಟಿಗಿ ಹೋಗೋದ್ರಾಗ ದಮ್ಮು ಹತ್ತಲಕತ್ತು. ಒಂದಿನ ಕಂಬಿ ಹಿಡ್ಕೊಂಡು ನಿಂತವ ಹಂಗೇ ಕೆಳಗ ಕುಂತೆ. ನಮ್ಮ ಡ್ರೈವರಣ್ಣ ಕನ್ನಡ್ಯಾಗ ನೋಡಿ ಗಾಡಿ ಸೈಡಿಗಿ ಹಾಕ್ದ. ಒಬ್ಬ ಮುದುಕಿ ತನ್ನ ಸೀಟು ಬಿಟ್ಟುಕೊಟ್ಟು, ಸೆರಗಿಲೆ ಗಾಳಿ ಬೀಸಿದ್ಲು. ಈಗ ರಾತ್ರಿ ಸಪಾಟ ಮಲಗ್ಲಿಕ್ಕ ಬರಂಗಿಲ್ಲ, ತಕಿಯಾ ಒಂದರ ಮ್ಯಾಲೊಂದು ಇಟ್ಟು ಒರಗಿ ಕುಂತೇ ನಿದ್ದಿ.

ಎಕೋ, ಅಂದ್ರ ಹೃದಯದ ಸ್ಕ್ಯಾನ್ ಮಾಡಿದ್ರು. ಮೈಟ್ರಲ್ ವಾಲ್ವು, ಅಂದ್ರ ಹೃದಯದ ಎಡಗಡಿ ಎರಡು ಖೋಲಿ ನಡುವಿನ ಬಾಗಿಲು, 0.8 ಚದರ ಸೆಂಟಿಮೀಟರ್ ಅಷ್ಟೇ ತೆಗೀಲಕತ್ತದ. ಸರಿ ಇದ್ದವರದು 4ರಿಂದ 6 ಇರ್ತದಂತ. ಸುಣ್ಣ ಕಟ್ಟಿ ಬಿರುಸಾಗ್ಯದ, ಲೀಕೂ ಅದ, ಅದಕ್ಕ ಬಲೂನ್ ಉಬ್ಬಿಸಿ ವಾಲ್ವು ಅಗಲ ಮಾಡೋದು ನಡೆಯಂಗಿಲ್ಲ, ವಾಲ್ವೇ ಬದಲ ಮಾಡ್ಬೇಕು ಅಂದ್ರು. ಹೈದರಾಬಾದ್‌ದಾಗ ತಾರೀಖು ಸಿಕ್ಕದ. ಡಾಕ್ಟರ್ ಒಳ್ಳೇವ್ರು. ಟೇಬಲ್ ಮ್ಯಾಲಿನ ಪ್ಲಾಸ್ಟಿಕ್ ಹೃದಯ ಬಿಚ್ಚಿ ಬಿಚ್ಚಿ ತೋರಿಸಿದ್ರು: ಎದಿ ಎಲುಬು ನಡುವ ಕೊಯ್ತೀವಿ, ಹೃದಯ ನಿಲ್ಲಸ್ತೀವಿ, ರಕ್ತ ಮಿಷನ್ ಕಡಿಂದ ಓಡಸ್ತೀವಿ, ಹೊಸಾ ವಾಲ್ವು ಹೊಲಿದು ಮತ್ತ ಚಾಲೂ ಮಾಡ್ತೀವಿ. ಅವರು ಹೇಳಿದ್ದೆಲ್ಲಾ ಮರೀತು, 'ನಿಲ್ಲಸ್ತೀವಿ' ಅಂದಿದ್ದೊಂದು ಉಳೀತು. ಇಂಜಿನ್ ಬಂದ್ ಮಾಡಿದ ಗಾಡಿ ಘಾಟಿನ್ಯಾಗ ಮತ್ತ ಚಾಲೂ ಆಗದೇ ನಿಂತಿದ್ದು ನಾನು ಭಾಳ ನೋಡೀನಿ.

ಈಗ ಖರೇ ತಕಲೀಫ್ ಹೇಳ್ತೀನಿ. ಚರ್ಚಿನ್ಯಾಗ ದನಿ ತೆಗೆದು ಪ್ರಾರ್ಥನಿ ಮಾಡಾವ ನಾನು. ಯಾರ ಮನ್ಯಾಗ ಸಾವು ಆದ್ರೂ, ಕೂಸಿಗಿ ಹೆಸರು ಇಟ್ರೂ, ಮನಿಮನ್ಯಾಗ ನಡೆಯೋ ಪ್ರಾರ್ಥನಿ, ಕಾಟೇಜ್ ಮೀಟಿಂಗ್ ಇದ್ರೂ 'ಬ್ರದರ್, ನೀವೇ ಪ್ರಾರ್ಥನಿ ಮಾಡ್ರಿ' ಅಂತ ನನಗೇ ಹೇಳ್ತಾರ. ಅರ್ಧ ತಾಸು ನಿಲ್ಲದೇ ಮಾಡ್ತಿದ್ದೆ. ಈಗ ಮಂಚದ ಮಗ್ಗಲಕ ಕುಂತು 'ಪರಲೋಕದ ತಂದೆಯೇ' ಅಂತೀನಿ, ಮುಂದ ಮಾತಿಲ್ಲ. ಗಂಟಲು ಒಣಗ್ತದ, ಮೊಬೈಲ್ ತಕ್ಕೊಂಡು ಆಪರೇಷನ್ ವಿಡಿಯೋ ನೋಡ್ಕೋತ ಕುಂದ್ರತೀನಿ. ಹೆಂಡ್ತಿ ಮೊಬೈಲ್ ಕಸ್ಕೋತಾಳ.

ಊರಾಗಿನ ಒಂದು ಪ್ರಾರ್ಥನಾ ಕೂಟದವರು ಮನಿಗಿ ಬಂದು, ಆಪರೇಷನ್‌ಗ ಹೋಗೋದು ಅಂದ್ರ ನಂಬಿಕಿ ಇಲ್ಲ ಅಂತ ಅರ್ಥ, ತಾರೀಖು ಕ್ಯಾನ್ಸಲ್ ಮಾಡಿ ನಮ್ಮ ಉಪವಾಸ ಕೂಟಕ್ಕ ಬಾ ಅಂದ್ರು. ಅವ್ವಗ ಅದೇ ಹಿಡಿಸ್ಯದ. ಇನ್ನೊಂದು ಕಡಿ ಡ್ರೈವರಣ್ಣ ನನ್ನ ಹೆಸರಿಲೆ ಝರಣಿ ನರಸಿಂಹನ ಗುಹಾದಾಗ ಎದಿಮಟ ನೀರಾಗ ಹೋಗಿ ಬಂದಾನ, ಗುರುದ್ವಾರದ ನಾನಕ ಝೀರಾದ ನೀರೂ ಒಂದು ಬಾಟ್ಲಿ ತಂದು ಕೊಟ್ಟಾನ. ಬಾಟ್ಲಿ ಕಪಾಟಿನ ಮ್ಯಾಲ ಅದ. ಒಲ್ಲೆ ಅನ್ಲಿಕ್ಕ ಬಾಯಿ ಬರಲಿಲ್ಲ.

ಯಾರಿಗರೆ ಇಂಥಾ ಆಪರೇಷನ್ ಆಗಿದ್ರ ಹೇಳ್ರಿ, ಶಾಂತಿ ಅಂಬೋದು ಹ್ಯಾಂಗ ಬಂತು? ಬೈಬಲ್ ವಚನ ಕಳಸಬ್ಯಾಡ್ರಿ, ವಾಟ್ಸಾಪ್‌ದಾಗ ಹೂವಿನ ಫೋಟೋದ ಮ್ಯಾಲ ಭಾಳ ಬಂದಾವ.


ನೈಟ್ ಡ್ಯೂಟಿ ಸಿಸ್ಟರ್:

ಅಣ್ಣಾ, ನಾನು ಭಾಲ್ಕಿ ಕಡೀದಾಕಿ, ಹಾರ್ಟ್ ಐಸಿಯುದಾಗ ಕೆಲಸ ಮಾಡ್ತೀನಿ. ನಂಬಿಕಿ ವಿಷಯ ಆಮ್ಯಾಗ ಯಾರರೆ ದೊಡ್ಡವ್ರು ಹೇಳ್ತಾರ. ಮೊದಲು ಆ ವಿಡಿಯೋ ಬಂದ್ ಮಾಡ್ರಿ. ನೀವು ನೋಡದೇ ಇರೋದನ್ನ ನೋಡ್ಲಿಕ್ಕೇ ಅಲ್ಲಿ ಇಷ್ಟು ಮಂದಿ ಅದೀವಿ.

'ನಿಲ್ಲಸ್ತೀವಿ' ಅಂದದ್ದು ಏನಂದ್ರ, ಪೊಟ್ಯಾಸಿಯಂ ಇರೋ ತಣ್ಣಗಿನ ದ್ರಾವಣ ಕೊಟ್ಟು ಹೃದಯಕ್ಕ ಸುಮ್ಮ ಇರಲಿಕ್ಕ ಹಚ್ತಾರ. ಬಡ್ಕೋತಿದ್ರ ಹೊಲಿಗಿ ಹ್ಯಾಂಗ ಹಾಕಬೇಕು? ಅಷ್ಟೊತ್ತು ಮೆದುಳಿಗಿ, ಕಿಡ್ನಿಗಿ, ಎಲ್ಲಾ ಕಡಿ ರಕ್ತ, ಆಮ್ಲಜನಕ ಮಿಷನ್ ಕಡಿಂದ ಹೋಗ್ತಿರ್ತದ. ಆ ಮಿಷನ್ ನೋಡ್ಲಿಕ್ಕೇ ಬ್ಯಾರೆ ಒಬ್ಬಾವ ಕುಂತಿರ್ತಾನ. ಹೊಲಿಗಿ ಮುಗಿದು ಬೆಚ್ಚಗಿನ ರಕ್ತ ಹರಿದ ಮ್ಯಾಲ ಭಾಳ ಮಂದಿಗಿ ಹೃದಯ ತಾನೇ ಬಡೀಲಕತ್ತದ, ಕೆಲವ್ರಿಗಿ ಸಣ್ಣ ಶಾಕ್ ಕೊಡಬೇಕಾಗ್ತದ. ಹೃದಯಕ್ಕ ಮಿಷನ್ ಹಚ್ಚಿ ಮೊದಲ ಸಲ ಸರಿಯಾಗಿ ಆಪರೇಷನ್ ಆಗಿದ್ದು 1953ರಾಗ, ಮೈಟ್ರಲ್ ವಾಲ್ವು ಬದಲ ಮಾಡಿ ಮನುಷ್ಯ ಬದುಕಿದ್ದು 1960ರಾಗ. ಇದು ಹೊಸಾ ಪ್ರಯೋಗ ಅಲ್ಲ. ರಿಸ್ಕ್ ಇಲ್ಲ ಅಂತ ನಾನು ಹೇಳಂಗಿಲ್ಲ, ಹಂಗ ಹೇಳಿದ್ರ ನೀವು ನನ್ನ ನಂಬಲೂಬ್ಯಾಡ್ರಿ. ನಿಮ್ಮ ಕೇಸಿನ್ಯಾಗ ರಿಸ್ಕ್ ಎಷ್ಟು ಅಂತ ಡಾಕ್ಟರಿಗೇ ನೇರ ಕೇಳ್ರಿ, ಹೇಳ್ತಾರ.

ಒಂದು ಮಾತು ಯಾರೂ ಮೊದಲೇ ಹೇಳಂಗಿಲ್ಲ, ನಾನು ಹೇಳ್ತೀನಿ. ಎಚ್ಚರ ಆದಾಗ ಗಂಟಲಾಗ ವೆಂಟಿಲೇಟರ್ ನಳಿಗಿ ಇರ್ತದ. ಮಾತು ಬರಂಗಿಲ್ಲ. ನಳಿಗಿ ಜಗ್ಗಬಾರ್ದು ಅಂತ ಕೈ ಸಡಲಾಗಿ ಕಟ್ಟಿರ್ತೀವಿ. ಗೊತ್ತಿಲ್ಲದವರು ಸತ್ತೇ ಹೋದೆ ಅಂತ ಒದ್ದಾಡ್ತಾರ, ಗೊತ್ತಿದ್ದವರು ಕಣ್ಣು ತೆಗೆದು ನಮ್ಮ ಕಡಿ ನೋಡ್ತಾರ. ಮಿಷನ್ ಜೋಡಿ ಜಗಳ ಆಡಬ್ಯಾಡ್ರಿ, ಅದು ಉಸಿರು ಕೊಟ್ಟಾಗ ತಗೋರಿ. ಕೆಲವು ತಾಸಿನ್ಯಾಗ, ನೀವೇ ಸರಿಯಾಗಿ ಉಸಿರಾಡ್ಲಕತ್ರಿ ಅಂದ್ರ ತೆಗೀತೀವಿ. ಹ್ಞೂ, ಉಹ್ಞೂಗ ಕಣ್ಣು ಮುಚ್ಚೋದು, ಬಟ್ಟು ಎತ್ತೋದು ಅಂತ ಒಂದು ಗುರ್ತು ಈಗೇ ಹೆಂಡ್ತಿ ಜೋಡಿ ಮಾಡಿಟ್ಕೋರಿ.

ಇನ್ನೊಂದು, ಹಲ್ಲಿನ ಡಾಕ್ಟರಿಗಿ ತೋರಿಸಿ ಆಯ್ತಾ? ಹುಳುಕು ಹಲ್ಲಿನ ಕೀಟಾಣು ರಕ್ತದಾಗ ಹೋಗಿ ಹೊಸಾ ವಾಲ್ವಿಗಿ ಹತ್ತಬಹುದು. ಆಪರೇಷನ್‌ಗ ಮೊದಲೇ ಆಗಬೇಕು ಅದು. ಗುಟ್ಕಾ, ತಂಬಾಕು ಇದ್ರ ಇವತ್ತೇ ಬಂದ್.


ಯಾದಗಿರಿ ಟೀಚರ್:

ತಮ್ಮಾ, ನಂದು ಇದೇ ವಾಲ್ವು, ಇದೇ ಆಪರೇಷನ್. ಭಾಳ ವರ್ಷ ಆಯ್ತು. ನನಗ ಹಾಕಿದ್ದು ಚಿತ್ರಾ ವಾಲ್ವು, ತಿರುವನಂತಪುರದಾಗ ನಮ್ಮವರೇ ಮಾಡಿದ್ದು. 1990ರಾಗ ಮೊದಲ ರೋಗಿಗಿ ಹಾಕಿದ್ರು. ರಾತ್ರಿ ಫ್ಯಾನ್ ಬಂದ್ ಆದ್ರ ಎದ್ಯಾಗ ಟಕ್ ಟಕ್ ಕೇಳ್ತದ. ಮೊದಮೊದಲು ಅದಕ್ಕೂ ಹೆದರ್ತಿದ್ದೆ, ಈಗ ಕೇಳಿಲ್ಲಂದ್ರ ಹೆದರ್ತೀನಿ.

ವಚನ ಬ್ಯಾಡ ಅಂದಿ. ಸರಿ. ಒಂದು ಕಥಿ ಹೇಳ್ತೀನಿ, ನಿನಗೂ ಗೊತ್ತಿದ್ದದ್ದೇ, ಸಂಡೇ ಸ್ಕೂಲಿನ್ಯಾಗ ನಾಕು ಹುಡುಗರು ಚಾದರದ ಮೂಲಿ ಹಿಡಿದು ನಾಟಕ ಮಾಡಿರ್ತಾರ. ಕಪೆರ್ನೌಮಿನ ಆ ಲಕ್ವಾ ಹೊಡದಾವ. ನಾಕು ಮಂದಿ ಹೊತ್ಕೊಂಡು ಬಂದ್ರು, ಬಾಗಿಲಾಗ ಗದ್ದಲ, ಮಾಳಿಗಿ ಹತ್ತಿ ಮಣ್ಣು ಕಿತ್ತಿ ಇಳಿಸಿದ್ರು. ಮಾರ್ಕ 2ನೇ ಅಧ್ಯಾಯ ತೆಗೆದು ಓದು. ಹಾಸಿಗ್ಯಾಗ ಇದ್ದಾವ ಒಂದ್ ಮಾತೂ ಆಡಂಗಿಲ್ಲ. ಸ್ವಾಮಿ, ನಂಬ್ತೀನಿ ಅಂತನೂ ಅನ್ನಂಗಿಲ್ಲ. ಯೇಸು ನೋಡಿದ್ದು ಹೊತ್ತವರ ನಂಬಿಕಿ. ನಾನು ಮೂವತ್ತು ವರ್ಷ ಮಕ್ಕಳಿಗಿ ಈ ಕಥಿ ಹೇಳೀನಿ, ಹೊರೋ ನಾಕು ಮಂದ್ಯಾಗ ಒಬ್ಬಾಕಿ ಆಗ್ರಿ ಅಂತ. ಹಾಸಿಗ್ಯಾಗ ಮಲಗೋ ಪಾಳಿ ನಂದೂ ಬರ್ತದ ಅಂತ ಯಾವಾಗೂ ಹೊಳೆದಿದ್ದಿಲ್ಲ.

ನೀನು ಇಷ್ಟು ದಿನ ಮಂದಿನ್ನ ಹೊತ್ತಾವ. ಹೊರಲಿಕ್ಕ ಬರ್ತದ, ಮಲಗ್ಲಿಕ್ಕ ಬರವಲ್ದು. ನಿನಗ ಬಾಯಿ ಕಟ್ಟಿದ್ದು ನಂಬಿಕಿ ಹೋಯ್ತು ಅಂತಲ್ಲೋ, ಪಾಳಿ ಬದಲಾಗ್ಯದ ಅಷ್ಟೇ.

ಅದಕ್ಕ ನಾನು ಏನ್ ಮಾಡ್ದೆ ಅಂದ್ರ, 'ಪ್ರಾರ್ಥನಿ ಮಾಡ್ತೀವ್ರಿ ಟೀಚರ್' ಅಂದವರಿಗೆಲ್ಲಾ ಕೆಲಸ ಹಚ್ಚಿದೆ. ಮಂದಿಗಿ ಕೆಲಸ ಹಚ್ಚೋದು ಮಾಸ್ತರ್ ಜಾತಿಗಿ ಬಂದೇ ಬರ್ತದ. ನೀನು ಬೆಳಗ್ಗೆ ಎಂಟರಿಂದ ಹತ್ತರ ತನಕ ಪ್ರಾರ್ಥನಿ ಮಾಡು, ಆಮ್ಯಾಗ ಅಡಗಿ ಮಾಡ್ಕೋ ಹೋಗು. ನೀನು ಹತ್ತರಿಂದ. ನೀನು ಪ್ರಾರ್ಥನಿ ಮಾಡಬ್ಯಾಡ, ನಮ್ಮ ಮನಿಯವ್ರ ಮಗ್ಗಲಕ ಓಟಿ ಮುಂದ ಕುಂದ್ರು, ಅವರಿಗಿ ಶುಗರ್ ಅದ, ಹೊತ್ತಿಗಿ ಸರಿಯಾಗಿ ಎರಡು ರೊಟ್ಟಿ ತಿನ್ನಿಸು. ಒಬ್ಬಾಕಿಗಿ ನಮ್ಮ ಎಮ್ಮಿ ಹಿಂಡೋ ಕೆಲಸ ಕೊಟ್ಟೆ. ಪ್ರಾರ್ಥನಿ ಕೂಟದ ಅಧ್ಯಕ್ಷಿಣಿ ಆಕಿ, ಸ್ವಲ್ಪ ಮಾರಿ ಸಣ್ಣದು ಮಾಡಿದ್ಲು, ಆದ್ರ ಹಿಂಡಿದ್ಲು.

ಆಪರೇಷನ್ ದಿನ ಶಾಂತಿ ಹ್ಯಾಂಗಿತ್ತು ಅಂತ ಕೇಳಿದಿ. ಹಿಂದಿನ ರಾತ್ರಿ ಇರ್ಲಿಲ್ಲ. ನಿದ್ದಿ ಗುಳಿಗಿ ಕೊಟ್ರು, ಅದಕ್ಕೂ ಜಗ್ಗಲಿಲ್ಲ. ಬೆಳಗ್ಗೆ ಸ್ಟ್ರೆಚರ್ ಮ್ಯಾಲ ಹಾಕಿ ಒಯ್ಯಬೇಕಾದ್ರ ಮ್ಯಾಲಿನ ಟ್ಯೂಬ್‌ಲೈಟ್ ಒಂದೊಂದೇ ಹಿಂದಕ್ಕ ಹೋಗ್ತಿದ್ವು, 'ಯೆಹೋವನು ನನಗೆ ಕುರುಬನು' ಅನ್ನೋ ದಾವೀದನ ಕೀರ್ತನಿ ಶುರು ಮಾಡ್ದೆ, ಅರ್ಧಕ್ಕ ಮರೀತು. ಶಾಲ್ಯಾಗ ಮಕ್ಕಳು ಮರೆತ್ರ ಛಡಿ ತೋರಿಸ್ತಿದ್ದಾಕಿ ನಾನು! ಬಾಗಿಲಾಗ ಒಬ್ಬ ಹುಡುಗಿ ಕೈಪಟ್ಟಿ ನೋಡಿ, 'ಅಮ್ಮಾ, ನಿಮ್ಮ ಹೆಸರೇನ್ರಿ?' ಅಂದ್ಲು. ಹೇಳ್ದೆ. ಒಳಗ ಅರವಳಿಕಿ ಡಾಕ್ಟರ್ ಮತ್ತ, 'ನಿಮ್ಮ ಹೆಸರು ಹೇಳ್ರಿ, ಯಾವ ಆಪರೇಷನ್ ಗೊತ್ತದ ಏನು?' ಅಂದ್ರು. ಕಾಗದದಾಗ ಬರೆದದಲ್ಲಪ್ಪಾ, ಎಷ್ಟು ಸಲ ಕೇಳ್ತೀರಿ ಅಂದೆ. ಒಬ್ಬರ ಆಪರೇಷನ್ ಇನ್ನೊಬ್ಬರಿಗಿ ಆಗಬಾರ್ದು ಅಂತ ಹಿಂಗ ಕೇಳ್ಲೇಬೇಕು, ಎಲ್ಲಾ ದೇಶದಾಗೂ ಇದೇ ರೀತಿ ಅಂದ್ರು. ಅಲ್ಲಿ ಎಲ್ಲರ ಮಾರಿಗೂ ಮಾಸ್ಕ್, ಒಬ್ಬರ ಗುರ್ತೂ ಇಲ್ಲ, ನನ್ನ ಹೆಸರು ಮಾತ್ರ ಎಲ್ಲರ ಬಾಯಾಗ. ಯೆಶಾಯನ 43ನೇ ಅಧ್ಯಾಯದಾಗ ಹೆಸರು ಹಿಡಿದು ಕರದೀನಿ, ನೀನು ನನ್ನಾವ ಅಂತ ದೇವರು ಹೇಳೋದು ಅದಲ್ಲ, ಅದು ಆಗ ನೆನಪಿಗಿ ಬಂತು. ನಾನು ತರಲಿಲ್ಲ, ತಾನೇ ಬಂತು. ಭಯ ಹೋಯ್ತು ಅಂತಲ್ಲ, ಕೈ ನಡುಗ್ತಿದ್ವು. ಆದ್ರ ಒಳಗ ಏನೋ ಒಂದು ಕೆಳಗ ಕುಂತಂಗಾಯ್ತು.

ಆದ ಮ್ಯಾಲಿಂದು ಹೇಳ್ಬೇಕು, ಇದನ್ನ ಚರ್ಚಿನ್ಯಾಗ ದೇವರು ಮಾಡಿದ್ದರ ಸಾಕ್ಷಿ ಹೇಳೋವಾಗ ಎಲ್ಲರೂ ನುಂಗ್ತಾರ. ಮನಿಗಿ ಬಂದ ಮ್ಯಾಲ ಸುಮ್‌ಸುಮ್ನೆ ಅಳು ಬರ್ತಿತ್ತು. ಚರ್ಚಿನವರು ಬಂದು ಹಾಡು ಹಾಡಿದ್ರ ಯಾವಾಗ ಎದ್ದು ಹೋಗ್ತಾರಪ್ಪಾ ಅನಿಸ್ತಿತ್ತು. ದೇವರು ಉಳಿಸ್ಯಾನ, ನೀನು ನೋಡಿದ್ರ ಹಿಂಗ ಅಂತ ಎಲ್ಲರೂ ಬೈದ್ರು. ಹೃದಯದ ಆಪರೇಷನ್ ಆದವರಿಗಿ ಇದು ಭಾಳ ಆಗ್ತದ, ದೇಹ ದಣಿದಿರ್ತದ, ಬಾಯಿ ಮುಚ್ಕೊಂಡು ಕುಂದ್ರಬ್ಯಾಡ್ರಿ ಅಂತ ಚೆಕಪ್‌ಗ ಹೋದಾಗ ಡಾಕ್ಟರ್ ಹೇಳಿದ್ರು. ಹೋಯ್ತು, ತಡ ಆಯ್ತು ಅಷ್ಟೇ. ನಿನಗೂ ಹಂಗಾದ್ರ ದೇವರು ಬಿಟ್ಟಾನ ಅಂತ ತಿಳ್ಕೋಬ್ಯಾಡ, ಡಾಕ್ಟರಿಗಿ ಹೇಳು.


ಸಭಾಪಾಲಕ, ಹುಮನಾಬಾದ್:

ಪ್ರಿಯ ಸಹೋದರರೇ, ಆ ಪ್ರಾರ್ಥನಾ ಕೂಟದವರ ಮಾತಿಗೆ ಉತ್ತರ ಕೊಡಲೇಬೇಕು ಎನಿಸಿತು.

ಬೈಬಲಿನ ಹಿಜ್ಕೀಯ ಅರಸನಿಗೆ ಮರಣಕರ ರೋಗ ಬಂದಾಗ ಅವನು ಗೋಡೆಗೆ ಮುಖ ತಿರುಗಿಸಿ ಅತ್ತು ಪ್ರಾರ್ಥಿಸಿದ. ದೇವರು ಕೇಳಿದರು. ಕೇಳಿದ ಮೇಲೆ ಪ್ರವಾದಿ ಯೆಶಾಯ ಏನು ಮಾಡಿಸಿದ? ಅಂಜೂರದ ಹಣ್ಣಿನ ಮುದ್ದೆ ತಂದು ಹುಣ್ಣಿನ ಮೇಲೆ ಕಟ್ಟಿಸಿದ. ಪ್ರಾರ್ಥನೆ ಕೇಳಲ್ಪಟ್ಟ ಮೇಲೂ ಮದ್ದು ಬಂತು, ಅದೂ ಪ್ರವಾದಿಯ ಮಾತಿನಿಂದಲೇ. ಯೇಸುವಿನ ಸುವಾರ್ತೆ ಸಾರಿದ ಪೌಲನ ಜೊತೆ ಊರೂರು ತಿರುಗಿದ ಲೂಕನನ್ನು ಪ್ರಿಯ ವೈದ್ಯನೆಂದು ಪೌಲನೇ ಕರೆದಿದ್ದಾನೆ. ಇನ್ನು ನಾವು ಮೆಥೋಡಿಸ್ಟರು; ನಮ್ಮ ಪಂಥ ಆರಂಭಿಸಿದ ಜಾನ್ ವೆಸ್ಲಿ 1746ರಲ್ಲಿ ಲಂಡನ್ನಿನಲ್ಲಿ ಬಡವರಿಗೆ ಉಚಿತ ಔಷಧಾಲಯ ತೆರೆದವರು, ಮರುವರ್ಷ ಮನೆಮದ್ದಿನ ಪುಸ್ತಕವನ್ನೇ ಬರೆದವರು. ಯಾದಗಿರಿಯ ಹೋಲ್ಸ್ಟನ್ ಆಸ್ಪತ್ರೆ ಯಾರದು? ನಮ್ಮ ಮೆಥೋಡಿಸ್ಟರದಲ್ಲವೇ? ನಂಬಿಕೆಯಿಲ್ಲದವರು ಕಟ್ಟಿದ್ದೇ ಅದು? ತಾರೀಖು ರದ್ದು ಮಾಡಿಸುವವರು ನಾಳೆ ನಿಮ್ಮ ಮಕ್ಕಳ ಶಾಲೆಯ ಫೀಸು ಕಟ್ಟುತ್ತಾರೆಯೇ ಎಂದು ಕೇಳಿ. ಕಟುವಾಗಿ ಬರೆದೆ, ಆದರೆ ಇಂಥ ಮಾತು ಕೇಳಿ ಇನ್ಸುಲಿನ್ ಬಿಟ್ಟವರ ಅಂತ್ಯಕ್ರಿಯೆ ನಾನು ನಡೆಸಿದ್ದೇನೆ.

ಮಾತು ಬರುವುದಿಲ್ಲ ಎಂದಿರಿ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ನಮ್ಮ ಕರ್ತನಾದ ಯೇಸುವಿಗೂ ಉದ್ದನೆಯ ಪ್ರಾರ್ಥನೆ ಬರಲಿಲ್ಲ. ಈ ಪಾತ್ರೆಯನ್ನು ನನ್ನಿಂದ ತೊಲಗಿಸು ಎಂದದ್ದನ್ನೇ ಮತ್ತೆ ಮತ್ತೆ ಹೇಳಿದರು, ಜೊತೆಗಿರಿ ಎಂದು ಶಿಷ್ಯರನ್ನು ಕೇಳಿಕೊಂಡರು, ಅವರು ನಿದ್ದೆಹೋದರು. ಆಗ ಕರ್ತನ ಮೈ ಬೆವರಿದ್ದನ್ನು ಬರೆದವನು ಅದೇ ವೈದ್ಯ ಲೂಕ. ದೇವರ ಮಗನೇ ಹೆದರಿದ ಮೇಲೆ ಕಂಡಕ್ಟರ್ ಹೆದರಬಾರದೆಂಬ ಕಾನೂನು ಎಲ್ಲಿದೆ? 'ಪರಲೋಕದ ತಂದೆಯೇ' ಎಂದು ಅಷ್ಟಕ್ಕೇ ನಿಲ್ಲಿಸುತ್ತೀರಲ್ಲ, ಅಲ್ಲಿಗೇ ಬಿಡಿ. ಮುಂದಿನದನ್ನು ಮಾತಿಲ್ಲದ ನರಳಾಟದಿಂದ ಪವಿತ್ರಾತ್ಮನೇ ಹೇಳುತ್ತಾನೆಂದು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿದೆ. ವಚನ ಬೇಡವೆಂದಿದ್ದಿರಿ, ಕ್ಷಮಿಸಿ, ಇದು ಹೂವಿನ ಫೋಟೋದ ಮೇಲೆ ಬರುವಂಥದ್ದಲ್ಲ.

ಹೊರಡುವ ಮುಂಚೆ ನಿಮ್ಮ ಸಭಾಪಾಲಕರನ್ನು ಮನೆಗೆ ಕರೆಯಿರಿ, ರೊಟ್ಟಿ, ದ್ರಾಕ್ಷಾರಸದ ಕರ್ತನ ಭೋಜನ ತೆಗೆದುಕೊಳ್ಳಿ. ಯಾಕೋಬನ ಪತ್ರದಲ್ಲಿ ಹೇಳಿದಂತೆ ಹಿರಿಯರು ಎಣ್ಣೆ ಹಚ್ಚಿ ಪ್ರಾರ್ಥಿಸಲಿ. ತಾಯಿಯವರನ್ನು ಮಗ್ಗುಲಲ್ಲೇ ಕೂಡಿಸಿಕೊಳ್ಳಿ. ವಾದದಿಂದ ಅವರ ಮನಸ್ಸು ತಿರುಗದು, ಇದರಿಂದ ತಿರುಗಬಹುದು.

ನೀರಿನ ಬಾಟಲಿಯ ವಿಷಯ. ನೀವು ಹರಕೆ ಹೊತ್ತಿಲ್ಲ, ಇನ್ನೊಂದು ದೇವರಿಗೆ ಕೈಮುಗಿದಿಲ್ಲ. ಒಬ್ಬ ಗೆಳೆಯ ನಿಮಗಾಗಿ ಎದೆಮಟ್ಟದ ನೀರಿನಲ್ಲಿ ನಡೆದು ಬಂದಿದ್ದಾನೆ. ಅವನ ಕೈ ಹಿಡಿದು ಉಪಕಾರ ಸ್ಮರಿಸಿ. ಕುಡಿಯುವುದು ಬಿಡುವುದು ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು, ಅವನನ್ನು ನೋಯಿಸಬೇಡಿ.


ಸ್ಟೇಷನ್ ಏರಿಯಾ, ಕಲಬುರಗಿ:

ನಾವು ಕ್ಯಾಥೊಲಿಕರು. ನಮ್ಮಲ್ಲೂ ಫಾದರ್ ಬಂದು ರೋಗಿಗಳಿಗಿ ಎಣ್ಣಿ ಹಚ್ಚೋ ಸಂಸ್ಕಾರ ಅದ. ಅದು ಸಾಯೋರಿಗಿ ಮಾತ್ರ ಅಂತ ನಮ್ಮ ಅಜ್ಜಿ ಫಾದರ್ ಬಂದ್ರ ಬಾಗಿಲು ಹಾಕ್ಕೋತಿದ್ಲು. ಹಂಗಲ್ಲ, ದೊಡ್ಡ ಆಪರೇಷನ್‌ಗ ಮುಂಚೆ ತಗೋಬಹುದು ಅಂತ ಧರ್ಮಸಭೆ ಹೇಳ್ತದ. ನಮ್ಮ ಮನಿಯವರಿಗಿ ಬೈಪಾಸ್ ಆದಾಗ ತಗೊಂಡ್ರು. ಅವತ್ತು ಹಣಿ ಮ್ಯಾಲ, ಅಂಗೈ ಮ್ಯಾಲ ಎಣ್ಣಿ ಹಚ್ಚಿಸ್ಕೊಂಡು, ಸಂಜಿಗಿ ಟಿವಿ ಹಚ್ಚಿ ಕ್ರಿಕೆಟ್ ನೋಡಿದ್ರು. ನನಗೇ ಸಿಟ್ಟು ಬಂದಿತ್ತು. ನಿಮ್ಮ ಹೆಂಡ್ತಿಗಿ ಹೇಳ್ರಿ, ಓಟಿ ಹೊರಗ ಕುಂದ್ರೋರಿಗೇ ಭಾಳ ಕಷ್ಟ, ಒಬ್ಬಾಕಿನೇ ಕುಂದ್ರಬ್ಯಾಡ ಅಂತ.


ಹೊರಗ ನಿಲ್ಲಾವ:

ನನ್ನ ಮಾತು ಕೆಲವರಿಗಿ ಸೇರಲಿಕ್ಕಿಲ್ಲ. ನಮ್ಮಪ್ಪಗೂ ಹೃದಯದ ಆಪರೇಷನ್ ಆಯ್ತು. ಇಡೀ ಊರು ಉಪವಾಸ ಮಾಡ್ತು. ಅಪ್ಪ ಮನಿಗಿ ಬರಲಿಲ್ಲ. ಆಮ್ಯಾಗ ಬಂದವರೊಬ್ಬರು 'ನಿಮ್ಮ ಮನ್ಯಾಗ ಯಾರದೋ ನಂಬಿಕಿ ಕಮ್ಮಿ ಇತ್ತು' ಅಂದ್ರು. ನಾನು ಈಗೂ ಚರ್ಚಿಗಿ ಹೋಗ್ತೀನಿ. ಆದ್ರ ಸಾಕ್ಷಿ ಹೇಳೋ ಹೊತ್ತಿಗಿ ಹೊರಗ ಬೇವಿನ ಗಿಡದ ಕೆಳಗ ಬಂದು ನಿಲ್ತೀನಿ. ಅಲ್ಲಿ ನನ್ನಂಗ ಇನ್ನಿಬ್ಬರು ಮೂವರು ನಿಲ್ತಾರ, ನಾವು ಮಾತಾಡಂಗಿಲ್ಲ.

ಅದಕ್ಕ ಅಣ್ಣಾ, ಖಂಡಿತ ಆರಾಮ ಆಗ್ತದ ಅಂತ ಯಾರರೆ ದೇವರ ಹೆಸರಿಲೆ ಗ್ಯಾರಂಟಿ ಕೊಟ್ರ ತಗೋಬ್ಯಾಡ್ರಿ. ಭಾಳ ಮಂದಿ ಆರಾಮ ಆಗಿ ಬರ್ತಾರ, ಟೀಚರ್ ಬಂದಾರ, ನೀವೂ ಬರ್ರಿ ಅಂತ ನನ್ನ ಆಸಿ. ಪೌಲನ ಮೈಯಾಗ ಅದೇನೋ ಮುಳ್ಳಿತ್ತಲ್ಲ, ಮೂರು ಸಲ ಬೇಡ್ಕೊಂಡ್ರೂ ತೆಗೀಲಿಲ್ಲ ದೇವರು. ಪೌಲಗ ನಂಬಿಕಿ ಕಮ್ಮಿ ಇತ್ತಾ?

ಅಪ್ಪಂದು ಒಂದು ನೋಡೀನಿ, ಅದಷ್ಟೇ ಹೇಳ್ಲಿಕ್ಕ ಬಂದೆ. ಹಿಂದಿನ ಸಂಜಿ ಅವ್ವನ್ನ ಮಗ್ಗಲಕ ಕೂಡಿಸ್ಕೊಂಡು, ಬ್ಯಾಂಕ್ ಪಾಸ್‌ಬುಕ್ ಎಲ್ಲಿ ಅದ, ಎಲ್‌ಐಸಿ ಬಾಂಡ್ ಎಲ್ಲಿ ಅದ, ಹೊಲದ ಪಹಣಿ ಯಾರ ಕಡಿ ಅದ, ತೊಗರಿ ಮಾರಿದ್ದು ಯಾರಿಂದ ಎಷ್ಟು ಬರಬೇಕು ಅಂತ ಎಲ್ಲಾ ನನ್ನ ಕೈಲೆ ಬರೆಸಿದ. ಅವ್ವ ಅತ್ಲು, ಅಪಶಕುನ ಅಂದ್ಲು. ಅಪ್ಪ ನಕ್ಕೋತ, 'ಇದನ್ನ ಬರೆಸದೇ ಪ್ರಾರ್ಥನಿಗಿ ಕುಂತ್ರ ನನಗ ತೊಗರಿದೇ ಲೆಕ್ಕ ಬರ್ತದ' ಅಂದ. ಬರೆಸಿ ಮುಗಿದ ಮ್ಯಾಲ ಮಲಗಿದ, ಗೊರಕಿ ಹೊಡದ. ನೀವೂ ಬರೆಸ್ರಿ. ಬರೆಸಿದ್ರ ಸಾಯ್ತಾರ ಅಂತೇನಿಲ್ಲ.


ಯಾದಗಿರಿ ಟೀಚರ್:

ಹೊರಗ ನಿಲ್ಲಾವಗ: ನಮ್ಮ ಚರ್ಚಿಗಿ ಬಂದ್ರ ಹೇಳು, ನಾನೂ ನಿನ್ನ ಜೋಡಿ ಹೊರಗ ಬರ್ತೀನಿ.


ಕಂಡಕ್ಟರ್, ಬೀದರ:

ಎಲ್ಲಾ ಓದ್ದೆ, ಹೆಂಡ್ತಿಗೂ ಓದಿ ಹೇಳ್ದೆ. ಹೊರಗ ನಿಂತ ತಮ್ಮನ ಮಾತಿಗಿ ಆಕಿ ಅತ್ಲು, ಟೀಚರ್ ಎಮ್ಮಿ ವಿಷಯಕ್ಕ ನಕ್ಕಳು.

ತಾರೀಖು ಕ್ಯಾನ್ಸಲ್ ಮಾಡಂಗಿಲ್ಲ. ಕೂಟದವರಿಗಿ ಫೋನ್ ಮಾಡಿ, ನೀವು ಉಪವಾಸ ಮಾಡ್ರಿ, ನಾನು ಹೈದರಾಬಾದಿಗಿ ಹೋಗ್ತೀನಿ ಅಂದೆ. ಅವರು ಅದಕ್ಕೇನೂ ಅನ್ಲಿಲ್ಲ. ಅವ್ವಗ ಅಂಜೂರದ ಮಾತು ಓದಿ ತೋರಿಸಿದೆ; ಸತ್ಯವೇದದಾಗೇ ಅದ ಅಂದ ಮ್ಯಾಲ ಕನ್ನಡಕ ಹಾಕ್ಕೊಂಡು ತಾನೇ ಮತ್ತೊಮ್ಮಿ ಓದಿದ್ಲು. ಈಗ ಮಂದಿಗಿ ತಾನೇ ಹೇಳ್ಲಕತ್ತಾಳ. ಪಾಸ್ಟರ್ ಶನಿವಾರ ಮನಿಗಿ ಬರ್ತಾರ.

ಟೀಚರ್ ಹೇಳಿದಂಗ ಕೆಲಸ ಹಚ್ಚಲಕತ್ತೀನಿ. ಕ್ವಾಯರ್ ಹುಡುಗರಿಗಿ ತಾಸಿನ ಪಾಳಿ. ನನ್ನ ತಮ್ಮಗ ಮಕ್ಕಳನ್ನ ಶಾಲಿಗಿ ಬಿಡೋದು. ಹೆಂಡ್ತಿ ಜೋಡಿ ಕುಂದ್ರಲಿಕ್ಕ ಆಕಿ ಅಕ್ಕ. ಡ್ರೈವರಣ್ಣ ಬಂದು, 'ಎಲ್ಲರಿಗೂ ಕೆಲಸ ಕೊಟ್ಟಿ, ನನಗ?' ಅಂದ. ನೀನು ಅವತ್ತು ಗಾಡಿ ಹೊಡಿ, ನನ್ನ ಬದಲಿ ಬರೋ ಕಂಡಕ್ಟರ್ ಹೊಸ ಹುಡುಗ ಅದಾನ, ಬೈಬ್ಯಾಡ ಅಂದೆ. ಅದಾಗಂಗಿಲ್ಲ, ಒಂದಿನ ರಜಾ ಹಾಕಿ ಹೈದರಾಬಾದಿಗಿ ಬರ್ತೀನಿ, ರಕ್ತ ಬೇಕಾದ್ರ ಕೊಡ್ತೀನಿ ಅಂದ. ಬಾಟ್ಲಿ ನೀರು ಅವನ ಮುಂದೇ ಒಂದು ಗುಟುಕು ಕುಡಿದೆ. ಯೇಸಪ್ಪಾ ನಿನ್ನ ಹೆಸರಿಲೆ ಅಂತ ಮನಸಿನ್ಯಾಗ ಅಂದ್ಕೊಂಡೆ. ಪಾಸ್ಟರ್ ಸಾಹೇಬ್ರು ಏನಂತಾರೋ ಗೊತ್ತಿಲ್ಲ, ನನ್ನ ಮನಸ್ಸಾಕ್ಷಿ ಏನೂ ಅನ್ಲಿಲ್ಲ.

ಪಾಸ್‌ಬುಕ್, ಸೊಸೈಟಿ ಸಾಲ, ಎಲ್ಲಾ ಒಂದು ನೋಟ್‌ಬುಕ್ಕಿನ್ಯಾಗ ಬರೆದೆ. ಪ್ರಾರ್ಥನಿ ಇನ್ನಾ ಬರಂಗಿಲ್ಲ. ಬರಲಿಲ್ಲಂದ್ರ ಬಿಡ್ಲಿ ಅನ್ನಂಗಾಗ್ಯದ, ವಿಡಿಯೋ ನೋಡೋದು ಬಿಟ್ಟೀನಿ.

ಸಿಸ್ಟರ್, ಎರಡು ಕೇಳೋದದ. ಟಿಕೆಟ್ ಮಿಷನ್ನು, ಕ್ಯಾಶ್ ಬ್ಯಾಗ್ ಹೆಗಲಿಗಿ ಹಾಕ್ಕೊಂಡು ಎಂದಿಗಿ ಡ್ಯೂಟಿ ಮಾಡಬಹುದು? ಮತ್ತ ವಾಲ್ವಿನ ಗುಳಿಗಿ ಚಾಲೂ ಆದ್ರ ಪುಂಡಿಪಲ್ಯಾ ತಿನ್ನಬಾರ್ದು ಅಂತ ಯಾರೋ ಹೇಳಿದ್ರು. ಖರೇ ಏನು? ಅದಿಲ್ಲದೇ ಹ್ಯಾಂಗ್ರಿ?


ನೈಟ್ ಡ್ಯೂಟಿ ಸಿಸ್ಟರ್:

ಎದಿ ಎಲುಬು ತಂತಿ ಹಾಕಿ ಕಟ್ಟಿರ್ತಾರ, ಅದು ಕೂಡ್ಲಿಕ್ಕ ಎರಡು ಮೂರು ತಿಂಗಳು ಬೇಕು. ಅಲ್ಲೀತನಕ ಭಾರ ಎತ್ತಂಗಿಲ್ಲ, ಬ್ಯಾಗ್ ಹೆಗಲಿಗಿ ಹಾಕಂಗಿಲ್ಲ, ಬಸ್ಸಿನ ಕಂಬಿ ಹಿಡಿದು ಜೋಲಿ ಹೊಡಿಯಂಗಿಲ್ಲ. ಆಮ್ಯಾಗ ಡಾಕ್ಟರ್ ಹ್ಞೂ ಅಂದ್ರ ಮಾತ್ರ. ಮೊದಲು ಆಫೀಸ್ ಡ್ಯೂಟಿ ಕೇಳ್ಕೋರಿ. ಕೆಮ್ಮು ಬಂದಾಗ ತಕಿಯಾ ಎದಿಗಿ ಅವಚಿ ಹಿಡಿದು ಕೆಮ್ಮಬೇಕು, ಈಗೇ ರೂಢಿ ಮಾಡ್ಕೋರಿ. ಶ್ವಾಸಕೋಶಕ್ಕ ಕಸರತ್ತು ಮಾಡಿಸೋ ಮೂರು ಗುಂಡಿನ ಉಸಿರಿನ ಆಟಿಗಿ ಕೊಟ್ಟಿದ್ರ ಡಾಕ್ಟರಿಗಿ ಕೇಳಿ ಇ‌ವತ್ತೇ ಶುರು ಮಾಡ್ರಿ.

ಪುಂಡಿಪಲ್ಯಾ ಬಿಡಬ್ಯಾಡ್ರಿ. ಹಸಿರು ಪಲ್ಯಾದಾಗಿನ ವಿಟಮಿನ್ ಕೆ ರಕ್ತ ತೆಳುವು ಮಾಡೋ ಗುಳಿಗಿಗಿ ಅಡ್ಡ ಬರ್ತದ, ಅದಕ್ಕ ಒಂದಿನ ಗಂಗಾಳ ತುಂಬ, ಮುಂದ ವಾರಗಟ್ಲೆ ಇಲ್ಲವೇ ಇಲ್ಲ, ಹಂಗ ಮಾಡಬಾರ್ದು. ವಾರಕ್ಕ ಇಷ್ಟು ಅಂತ ಒಂದೇ ಅಳತಿ ಇಟ್ಕೋರಿ, ರಕ್ತ ಎಷ್ಟು ತೆಳುವು ಅದ ಅಂತ ತೋರಿಸೋ ಐಎನ್‌ಆರ್ ರಕ್ತ ಪರೀಕ್ಷೆ ತಪ್ಪಿಸಬ್ಯಾಡ್ರಿ, ಗುಳಿಗಿ ದಿನಾ ಒಂದೇ ಹೊತ್ತಿಗಿ. ಮೈಕೈ ನೋವು ಅಂತ ಮೆಡಿಕಲ್ ಅಂಗಡ್ಯಾಗ ಕೇಳಿ ಗುಳಿಗಿ ತಗೊಂಡ್ರ ಬೈತೀನಿ. ಹಲ್ಲಿನ ಡಾಕ್ಟರ್ ವಿಷಯ ನೀವು ಹೇಳ್ಲೇ ಇಲ್ಲ. ನಾಳೆ ಹೋಗಿ ಬಂದು ಇಲ್ಲೇ ಬರೀರಿ.